ಕಾಂಟ್ರಾಕ್ಟರ್‌ಗೆ ಕೆಲಸ ಒಪ್ಪಿಸುವ ಮುಂಚೆ ಅವರ ಹಳೇ ಗಿರಾಕಿಗಳನ್ನು ಮಾತಾಡಿಸಿ

ಪ್ರಶ್ನೆ: ನಮ್ಮದು ಹಳೇ ಮನೆ. ತಾರಸಿ ಸೋರುತ್ತಿದೆ, ಬಚ್ಚಲುಮನೆ ಪಕ್ಕದ ಗೋಡೆ ತೇವ ಹಿಡಿದು ಬಣ್ಣ ಉದುರುತ್ತಿದೆ. ಸಂಬಂಧಿಕರೊಬ್ಬರು ತಮಗೆ ಗೊತ್ತಿರುವ ಕಾಂಟ್ರಾಕ್ಟರ್ ಅಂತ ಒಬ್ಬರನ್ನು ಕಳಿಸಿದ್ದಾರೆ. ಮಾತು ಚೆನ್ನಾಗಿದೆ, ಮೊಬೈಲಿನಲ್ಲಿ ತುಂಬಾ ಫೋಟೋ ತೋರಿಸಿದರು, ಅರ್ಧ ಹಣ ಅಡ್ವಾನ್ಸ್ ಕೇಳುತ್ತಿದ್ದಾರೆ. ಇವರ ಬಗ್ಗೆ ಹೇಗೆ ವಿಚಾರಿಸುವುದು? ವಿಚಾರಿಸಿದರೆ ಸಂಬಂಧಿಕರು ಬೇಜಾರು ಮಾಡಿಕೊಳ್ಳುವುದಿಲ್ಲವೇ?

ಉತ್ತರ: ಬೇಜಾರಿನ ವಿಷಯ ಮೊದಲು ಮುಗಿಸೋಣ. ನಿಮ್ಮ ಸಂಬಂಧಿಕರನ್ನೇ ಒಂದು ಮಾತು ಕೇಳಿ: 'ಇವರು ನಿಮ್ಮ ಮನೆಯಲ್ಲಿ ಯಾವ ಕೆಲಸ ಮಾಡಿದ್ದಾರೆ, ಯಾವಾಗ?' ಬಣ್ಣ ಹೊಡೆಸಿದ್ದರು ಅಂತಲೋ, ಸುಮ್ನೆ ಪರಿಚಯ ಅಷ್ಟೇ ಅಂತಲೋ ಉತ್ತರ ಬಂದರೆ, ಸೋರಿಕೆ ಕೆಲಸಕ್ಕೆ ಆ ಶಿಫಾರಸು ಸಾಲುವುದಿಲ್ಲ. ಇಷ್ಟು ಕೇಳಿದ್ದಕ್ಕೆ ಯಾರೂ ಮುನಿಸಿಕೊಳ್ಳುವುದಿಲ್ಲ. ಕೆಲಸ ಕೆಟ್ಟಮೇಲೆ ಆಗುವ ಮನಸ್ತಾಪ ಇದಕ್ಕಿಂತ ಎಷ್ಟೋ ಜಾಸ್ತಿ, ಅಲ್ವಾ?

ಇನ್ನು ಫೋಟೋ. ಕೆಲಸ ಮುಗಿದ ದಿನ ಎಲ್ಲ ಗೋಡೆಯೂ ಚೆನ್ನಾಗಿಯೇ ಕಾಣುತ್ತದೆ. ಅದು ಯಾರ ಮನೆಯ ಫೋಟೋ ಅನ್ನುವುದೂ ನಿಮಗೆ ತಿಳಿಯುವುದಿಲ್ಲ. ತಾರಸಿಗೆ ಮಾಡಿದ ವಾಟರ್‌ಪ್ರೂಫಿಂಗ್ ನಿಂತಿದೆಯೋ ಇಲ್ಲವೋ ಗೊತ್ತಾಗಬೇಕಾದರೆ ಕನಿಷ್ಠ ಒಂದು ಪೂರ್ತಿ ಮಳೆಗಾಲ ಕಳೆಯಬೇಕು. ಹಾಗಾಗಿ ಹೋದ ತಿಂಗಳು ಕೆಲಸ ಮುಗಿದ ಮನೆಯವರ ನಂಬರ್ ನಿಮಗೆ ಅಷ್ಟಾಗಿ ಉಪಯೋಗವಿಲ್ಲ. ಒಂದೆರಡು ವರ್ಷದ ಹಿಂದೆ ಇದೇ ಥರದ ಕೆಲಸ ಮಾಡಿಸಿಕೊಂಡ ಮೂರು ಮನೆಯವರ ನಂಬರ್ ಕೇಳಿ. ಆಗಾಗ ಇಂಥ ಕೆಲಸ ಮಾಡುವವರಿಗೆ ಅದು ಕಷ್ಟವೇ ಅಲ್ಲ. ನಂಬರ್ ಕೊಡಲು ತಡವರಿಸಿದರೆ, ಅಥವಾ ಕೊಟ್ಟ ಮೂರೂ ಅವರ ನೆಂಟರದ್ದೇ ಆಗಿದ್ದರೆ, ಬೇರೆಯವರನ್ನು ನೋಡಿ.

ಫೋನ್ ಮಾಡಿದಾಗ 'ಕೆಲಸ ಹೇಗಿತ್ತು?' ಅಂತ ಕೇಳಬೇಡಿ. 'ಚೆನ್ನಾಗಿತ್ತು' ಅಂತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಹೀಗೆ ಕೇಳಿ: ಹೇಳಿದ್ದ ಮೊತ್ತಕ್ಕೂ ಕೊನೆಗೆ ಕೊಟ್ಟ ಮೊತ್ತಕ್ಕೂ ಎಷ್ಟು ವ್ಯತ್ಯಾಸ ಬಂತು, ಯಾಕೆ ಬಂತು? ಕೆಲಸದ ನಡುವೆ ಎಷ್ಟು ದಿನ ಯಾರೂ ಬರಲಿಲ್ಲ? ಆಮೇಲೆ ಏನಾದರೂ ತೊಂದರೆ ಆಯಿತಾ, ಆದಾಗ ಫೋನ್ ಎತ್ತಿದರಾ? ಈ ಕೊನೆಯ ಪ್ರಶ್ನೆಯ ಉತ್ತರವೇ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ. ಒಳ್ಳೆಯ ಮೇಸ್ತ್ರಿ ಮಾಡಿದ ಕೆಲಸದಲ್ಲೂ ಒಂದು ಕಡೆ ಬಿರುಕು ಬರಬಹುದು. ಬಂದು ನೋಡಿ ಸರಿ ಮಾಡಿ ಕೊಟ್ಟರಾ ಅನ್ನುವುದರಲ್ಲಿ ಮನುಷ್ಯ ಎಂಥವರು ಅಂತ ತಿಳಿಯುತ್ತದೆ.

ಸಾಧ್ಯವಾದರೆ ಈಗ ಅವರ ಕೆಲಸ ನಡೆಯುತ್ತಿರುವ ಒಂದು ಮನೆಗೆ ಹೋಗಿ ಬನ್ನಿ. ಸಿಮೆಂಟ್ ಮೂಟೆಗಳನ್ನು ನೆಲಕ್ಕೆ ತಾಗದಂತೆ ಹಲಗೆ ಮೇಲೆ ಜೋಡಿಸಿ ಮುಚ್ಚಿದ್ದಾರಾ, ಹೊಸ ಗಾರೆಗೆ ದಿನಾ ನೀರು ಹಾಕುತ್ತಿದ್ದಾರಾ, ನೋಡಿ. ಸಿಮೆಂಟ್ ಕೆಲಸಕ್ಕೆ ಸಾಮಾನ್ಯವಾಗಿ ಕನಿಷ್ಠ 7 ದಿನ ತೇವ ಇರಬೇಕು, ಅವಸರದಲ್ಲಿ ಮೊದಲು ಬಿಟ್ಟುಹೋಗುವುದು ಅದೇ. ಅಲ್ಲಿರುವ ಕೆಲಸಗಾರರೇ ನಿಮ್ಮ ಮನೆಗೂ ಬರುತ್ತಾರಾ ಅಂತ ಕೇಳಿ, ಏಕೆಂದರೆ ಎಷ್ಟೋ ಸಲ ಮಾತಾಡಿ ಒಪ್ಪಿಸಿಕೊಳ್ಳುವವರು ಒಬ್ಬರು, ಕೆಲಸ ಮಾಡುವವರು ಅವರಿಂದ ಒಳಗುತ್ತಿಗೆ ಹಿಡಿದ ಇನ್ಯಾರೋ, ಆಮೇಲೆ ತೊಂದರೆ ಬಂದಾಗ ಇವರು ಅವರನ್ನು ತೋರಿಸುತ್ತಾರೆ, ಅವರು ಇವರನ್ನು.

ಆನ್‌ಲೈನ್‌ನಲ್ಲಿ ಹುಡುಕುವಾಗ ಹೆಸರಿನ ಜೊತೆ ಫೋನ್ ನಂಬರನ್ನೂ ಹಾಕಿ ಹುಡುಕಿ. ಅಂಗಡಿ ಹೆಸರು ಬದಲಾದರೂ ನಂಬರ್ ಹಳೆಯದೇ ಇರುವುದುಂಟು. ಐದು ಸ್ಟಾರ್ ಕೊಟ್ಟವರನ್ನು ಬಿಟ್ಟು ಎರಡು ಮೂರು ಸ್ಟಾರ್ ಕೊಟ್ಟವರು ಬರೆದದ್ದನ್ನು ಓದಿ, ನಿಜವಾದ ವಿವರ ಅಲ್ಲಿರುತ್ತದೆ. ಹೊಗಳಿಕೆಯೆಲ್ಲ ಒಂದೇ ವಾರದಲ್ಲಿ ಬಂದಿದ್ದರೆ ನಂಬಬೇಡಿ. ಲೈಸೆನ್ಸ್ ಬೇಕಾದ ಕೆಲಸವಾಗಿದ್ದರೆ ಜೆರಾಕ್ಸ್ ನೋಡಿ ಸುಮ್ಮನಾಗದೆ, ಕೊಟ್ಟ ಕಚೇರಿಯಲ್ಲೇ ಆ ನಂಬರ್ ಚಾಲ್ತಿಯಲ್ಲಿದೆಯಾ ಕೇಳಿ. ಕೆಲಸಗಾರರು ತಾರಸಿಯಿಂದ ಬಿದ್ದರೆ ಖರ್ಚು ಯಾರದ್ದು, ವಿಮೆ ಇದೆಯಾ ಅನ್ನುವುದನ್ನೂ ಮೊದಲೇ ಮಾತಾಡಿ. ಅವರೂ ಯಾರದೋ ಮನೆಯ ಮಕ್ಕಳು.

ಇನ್ನೊಂದು ಮಾತು, ಬಂದವರು ನಿಮ್ಮ ಗೋಡೆಯನ್ನು ಎಷ್ಟು ಹೊತ್ತು ನೋಡಿದರು? ಮಳೆ ಇಲ್ಲದಾಗಲೂ ತೇವ ಇರುತ್ತಾ, ನಲ್ಲಿ ಬಿಟ್ಟಾಗ ಹೆಚ್ಚಾಗುತ್ತಾ ಅಂತ ಕೇಳಿದರಾ? ಬೇಸಿಗೆಯಲ್ಲೂ ಗೋಡೆ ಒದ್ದೆ ಇದ್ದರೆ ತಪ್ಪು ಪೈಪಿನದ್ದೋ ಬಚ್ಚಲಿನದ್ದೋ ಇರಬಹುದು, ಆಗ ತಾರಸಿಗೆ ಎಷ್ಟು ಬಳಿದರೂ ದುಡ್ಡು ದಂಡ. ಕಾರಣ ಹುಡುಕದೆ ನೇರವಾಗಿ ರೇಟು ಹೇಳುವವರಿಗೆ ಕೆಲಸ ಕೊಡಬೇಡಿ ಅಂತಲೇ ನಾನು ಹೇಳುವುದು.

ಪ್ರಶ್ನೆ: ಇಷ್ಟೆಲ್ಲ ವಿಚಾರಿಸಿ ಒಪ್ಪಿಗೆಯಾದರೆ ಅರ್ಧ ಹಣ ಕೊಡಬಹುದೇ?

ಉತ್ತರ: ಬೇಡ. ಸಾಮಾನು ತರಲು ಬೇಕಾದಷ್ಟು ಮಾತ್ರ ಮೊದಲು ಕೊಡಿ, ಉಳಿದದ್ದು ಕೆಲಸ ಆದ ಹಾಗೆ ಕಂತಿನಲ್ಲಿ. ಯಾವ ಕಂಪನಿಯ ಸಾಮಾನು, ಎಷ್ಟು ಕೋಟಿಂಗ್, ಯಾವಾಗ ಮುಗಿಯುತ್ತದೆ, ಎಷ್ಟು ವರ್ಷ ಗ್ಯಾರಂಟಿ, ಎಲ್ಲ ಬರವಣಿಗೆಯಲ್ಲಿ ಇರಲಿ. ಹಣ ಹೋಗುವ ಬ್ಯಾಂಕ್ ಖಾತೆಯ ಹೆಸರೂ ಕೊಟೇಶನ್ನಿನಲ್ಲಿರುವ ಹೆಸರೂ ಒಂದೇ ಇರಬೇಕು. ಬಚ್ಚಲಿನ ನೆಲಕ್ಕೆ ಟೈಲ್ಸ್ ಹಾಕುವ ಮುಂಚೆ 24 ಗಂಟೆಯಾದರೂ ನೀರು ಕಟ್ಟಿ ನಿಲ್ಲಿಸಿ ನೋಡಬೇಕು ಅನ್ನುವುದನ್ನೂ ಅದರಲ್ಲೇ ಬರೆಸಿ. ಆ ಪರೀಕ್ಷೆಗೆ ಒಪ್ಪದವರಿಗೆ ಒಂದು ರೂಪಾಯಿ ಅಡ್ವಾನ್ಸೂ ಬೇಡ.