ಓದುಗರ ಪ್ರಶ್ನೆ: ವಾಟರ್ ಪಂಪ್ ಯಾಕೆ ಮತ್ತೆ ಮತ್ತೆ ಹೋಗುತ್ತದೆ?

ಪ್ರಶ್ನೆ: ನನ್ನದು ಹಳೆಯ ಟಾಟಾ ಲಾರಿ. ಕಮಿನ್ಸ್ 5.9 ಲೀಟರ್, ಆರು ಸಿಲಿಂಡರ್ ಇಂಜಿನ್. ಕಬ್ಬಿನ ಸೀಸನ್‌ನಲ್ಲಿ ಫ್ಯಾಕ್ಟರಿಗೆ ಕಬ್ಬು, ಉಳಿದ ದಿನ ಸಿಮೆಂಟ್, ಜಲ್ಲಿ. ಎರಡು ವರ್ಷದಲ್ಲಿ ಎರಡು ವಾಟರ್ ಪಂಪ್ ಬದಲಿಸಿದೆ. ಈಗ ಮೂರನೆಯದೂ ತೊಟ್ಟಿಕ್ಕುತ್ತಿದೆ. ಈ ಸಲ ನಾನೇ ಬಿಚ್ಚಿ ಹಾಕಬೇಕು ಅಂದುಕೊಂಡಿದ್ದೇನೆ. ಪಂಪಿನ ಜೊತೆ ಮುಂಭಾಗದಲ್ಲಿ ಇನ್ನೇನು ಬದಲಿಸಬೇಕು?
(ಲಾರಿ ಮಾಲೀಕರು, ಮುಧೋಳ)

ಉತ್ತರ: ಬಿಚ್ಚಿ ಹಾಕುವುದು ಸುಲಭ, ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಒಂದು ಮಾತು. ಎರಡು ವರ್ಷದಲ್ಲಿ ಮೂರು ಪಂಪ್ ಹೋಗಿದೆ ಅಂದರೆ ತಪ್ಪು ಬರೀ ಪಂಪಿನದಲ್ಲ. ಬೇರೆ ಯಾವುದೋ ಅದನ್ನು ಕೊಲ್ಲುತ್ತಿದೆ. ಅದನ್ನು ಹುಡುಕದೆ ನಾಲ್ಕನೆಯದು ಹಾಕಿದರೆ ಅದೂ ಹೋಗುತ್ತದೆ. ಹಾಗಾಗಿ ಬಿಚ್ಚಿದ ಪಂಪನ್ನು ಗುಜರಿಗೆ ಎಸೆಯಬೇಡಿ. ಹಳೆಯ ಎರಡೂ ಇನ್ನೂ ಶೆಡ್ಡಿನ ಮೂಲೆಯಲ್ಲಿ ಬಿದ್ದಿದ್ದರೆ ಅವನ್ನೂ ತೆಗೆದು ಒರೆಸಿ, ಬಿಸಿಲಿಗೆ ಹಿಡಿದು ನೋಡಿ.

ಪಂಪಿನ ಒಳಗೆ ಒಂದು ಶಾಫ್ಟ್ ಇರುತ್ತದೆ. ಅದರ ಒಂದು ತುದಿಗೆ ಪುಲ್ಲಿ, ಇನ್ನೊಂದು ತುದಿಗೆ ನೀರು ತಳ್ಳುವ ರೆಕ್ಕೆ, ಅದೇ ಇಂಪೆಲ್ಲರ್. ನಡುವೆ ಬೇರಿಂಗ್. ಬೇರಿಂಗಿಗೂ ನೀರಿಗೂ ಮಧ್ಯೆ ಒಂದು ಸೀಲ್. ಆ ಸೀಲಿನಲ್ಲಿ ಎರಡು ನುಣುಪಾದ ಮುಖಗಳು ಒಂದಕ್ಕೊಂದು ಒತ್ತಿಕೊಂಡು ತಿರುಗುತ್ತವೆ. ಅವುಗಳ ನಡುವೆ ಕೂದಲಿಗಿಂತ ತೆಳುವಾಗಿ ಕೂಲಂಟ್, ಅಂದರೆ ಇಂಜಿನ್ ತಣ್ಣಗಿಡುವ ದ್ರವ, ಹರಡಿರುತ್ತದೆ. ಅದೇ ಆ ಸೀಲಿಗೆ ಎಣ್ಣೆ ಇದ್ದ ಹಾಗೆ. ಸೀಲ್ ಸವೆದರೆ ನೀರು ಬೇರಿಂಗಿಗೆ ನುಗ್ಗಬಾರದು ಅಂತ ಪಂಪಿನ ಕೆಳಗೆ ಒಂದು ಸಣ್ಣ ತೂತು ಬಿಟ್ಟಿರುತ್ತಾರೆ. ನಿಮ್ಮ ಗಾಡಿಯಲ್ಲಿ ತೊಟ್ಟಿಕ್ಕುವುದು ಅಲ್ಲಿಂದಲೇ ಇರಬೇಕು. ಕೆಲವರು ಆ ತೂತಿಗೆ ಎಂಸೀಲ್ ಮೆತ್ತಿ ಗಾಡಿ ಓಡಿಸುತ್ತಾರೆ. ಆ ತಪ್ಪು ಯಾವತ್ತೂ ಮಾಡಬೇಡಿ. ನೀರು ಒಳಗೇ ನಿಂತು ಬೇರಿಂಗ್ ಹಿಡಿದುಕೊಳ್ಳುತ್ತದೆ, ಬೆಲ್ಟ್ ಕಿತ್ತು ಹೋಗುತ್ತದೆ, ಆಮೇಲೆ ಹೆಡ್ಡೇ ಬೆಂಡ್.

ಈಗ ಹಳೆಯ ಪಂಪ್ ಏನು ಹೇಳುತ್ತದೆ ನೋಡಿ. ತೂತಿನ ಸುತ್ತ, ಸೀಲಿನ ಹತ್ತಿರ ಬಿಳಿ ಸುಣ್ಣದಂಥ ಪೊರೆ ಕಟ್ಟಿದ್ದರೆ ನೀವು ಹಾಕುವ ನೀರೇ ಕಾರಣ. ಇಂಪೆಲ್ಲರ್ ರೆಕ್ಕೆ ನುಸಿ ತಿಂದ ಕಡಲೆ ಹಾಗೆ ಗುಳಿ ಗುಳಿ ಆಗಿದ್ದರೆ ನೀರಿನಲ್ಲಿ ಗಾಳಿ ಸೇರುತ್ತಿದೆ, ಇಲ್ಲವೇ ರೇಡಿಯೇಟರ್ ಮುಚ್ಚಳ ಪ್ರೆಶರ್ ಹಿಡಿಯುತ್ತಿಲ್ಲ. ಸೀಲ್ ಚೆನ್ನಾಗಿದ್ದು ಪುಲ್ಲಿ ಮಾತ್ರ ಆ ಕಡೆ ಈ ಕಡೆ ಆಡುತ್ತಿದ್ದರೆ ಬೆಲ್ಟು, ಅದನ್ನು ಬಿಗಿಯಾಗಿಡುವ ಟೆನ್ಶನರ್ ನೋಡಬೇಕು.

ಮುಧೋಳದಿಂದ ಬರೆದಿದ್ದೀರಿ, ಹಾಗಾಗಿ ನನ್ನ ಅನುಮಾನ ಮೊದಲು ನೀರಿನ ಮೇಲೆ. ನಿಮ್ಮ ಕಡೆ ಸವಳು-ಜವಳು ಅಂದರೆ ಏನು ಅಂತ ರೈತರಿಗೆ ವಿವರಿಸಿ ಹೇಳಬೇಕಾಗಿಲ್ಲ. ಹೊಲದ ಮೇಲೆ ಬೆಳ್ಳಗೆ ಕೂರುತ್ತದಲ್ಲ, ಬೋರಿನ ನೀರು ತುಂಬಿದ ಇಂಜಿನ್ ಒಳಗೂ ಅಂಥದ್ದೇ ಆಗುತ್ತದೆ. ಬಿಸಿಯಾದಷ್ಟೂ ನೀರಿನಲ್ಲಿರುವ ಸುಣ್ಣದ ಅಂಶ ಗೋಡೆಗೆ ಅಂಟುತ್ತದೆ. ರೇಡಿಯೇಟರಿನ ಸಣ್ಣ ಕೊಳವೆ ಕಟ್ಟಿಕೊಳ್ಳುತ್ತದೆ. ಅದರ ಚೂರು ಸೀಲಿನ ಮುಖಕ್ಕೆ ಸಿಕ್ಕಿ ಗೀರು ಬೀಳುತ್ತದೆ. ಫ್ಯಾಕ್ಟರಿ ಯಾರ್ಡಿನಲ್ಲಿ ರಾತ್ರಿಯೆಲ್ಲ ಪಾಳಿ ಹಚ್ಚಿ ನಿಂತಾಗ ಡ್ರೈವರ್ ಅಲ್ಲೇ ಸಿಕ್ಕ ನಲ್ಲಿಯಿಂದ ಒಂದು ಕೊಡ ನೀರು ಸುರಿಯುತ್ತಾನೆ, ಮರುದಿನ ಇನ್ನೊಂದು ಕೊಡ. ಅವನನ್ನು ಬೈದು ಪ್ರಯೋಜನವಿಲ್ಲ. ಕ್ಯಾಬಿನ್ನಿನಲ್ಲಿ ಕಲಸಿದ ಕೂಲಂಟ್ 5 ಲೀಟರ್ ಇಟ್ಟರೆ ಅವನು ಅದನ್ನೇ ಹಾಕುತ್ತಾನೆ.

"ನಮ್ಮಲ್ಲೇನು ಹಿಮ ಬೀಳುತ್ತದಾ, ಕೂಲಂಟ್ ಯಾಕೆ?" ಅಂತ ಬಹಳ ಜನ ಕೇಳುತ್ತಾರೆ. ಕೂಲಂಟ್ ಬರೀ ಹಿಮಕ್ಕಲ್ಲ. ತುಕ್ಕು ತಡೆಯುವ ಔಷಧಿ ಅದರಲ್ಲಿರುತ್ತದೆ, ಸೀಲಿಗೆ ಜಾರುವಿಕೆ ಕೊಡುತ್ತದೆ, ಬೇಗ ಕುದಿಯಲು ಬಿಡುವುದಿಲ್ಲ. ಅರ್ಧ ಕೂಲಂಟ್, ಅರ್ಧ ಡಿಸ್ಟಿಲ್ಡ್ ವಾಟರ್, ಅಂದರೆ ಬ್ಯಾಟರಿಗೆ ಹಾಕುವ ನೀರು. ರೆಡಿ ಮಿಕ್ಸ್ ತಂದರೆ ಅದಕ್ಕೆ ಮತ್ತೆ ನೀರು ಬೆರೆಸಬೇಡಿ.

ಇನ್ನು ಕೆಲಸಕ್ಕೆ ಬರೋಣ. ಇಂಜಿನ್ ಪೂರ್ತಿ ತಣ್ಣಗಾಗಿರಬೇಕು. ಗಾಲಿಗೆ ಕಲ್ಲು ಕೊಡಿ, ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಕೆಳಗೆ ದೊಡ್ಡ ಟಬ್ ಇಟ್ಟು ನೀರು ಇಳಿಸಿ. ಬೆಲ್ಟ್ ಬಿಚ್ಚುವ ಮೊದಲು ಅದು ಯಾವ ಪುಲ್ಲಿಯ ಮೇಲೆ ಹೇಗೆ ಹೋಗಿದೆ ಅಂತ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಇದೊಂದು ಫೋಟೋ ಆಮೇಲೆ ಒಂದು ತಾಸು ಉಳಿಸುತ್ತದೆ. ಟೆನ್ಶನರ್‌ನ ಚೌಕ ತೂತಿಗೆ ಹ್ಯಾಂಡಲ್ ಸಿಗಿಸಿ ತಿರುಗಿಸಿದರೆ ಬೆಲ್ಟ್ ಸಡಿಲಾಗುತ್ತದೆ. ಈ ಇಂಜಿನ್ನಿನಲ್ಲಿ ಫ್ಯಾನ್ ಬೇರೆ ಹಬ್ಬಿನ ಮೇಲೆ ಕೂತಿದೆ, ಪಂಪಿನ ಮೇಲಲ್ಲ. ಹಾಗಾಗಿ ಫ್ಯಾನ್ ಬಿಚ್ಚುವ ಕಷ್ಟವಿಲ್ಲ. ಪಂಪಿಗೆ ಇರುವುದು ಎರಡೇ ಬೋಲ್ಟ್.

ಪಂಪ್ ಹೊರಗೆ ಬಂದ ಮೇಲೆ ಆತುರ ಬೇಡ. ಇಲ್ಲಿ ಪೇಪರ್ ಪ್ಯಾಕಿಂಗ್ ಇಲ್ಲ, ರಬ್ಬರ್ ರಿಂಗ್ ಇದೆ. ಬ್ಲಾಕಿನಲ್ಲಿ ಆ ರಿಂಗ್ ಒತ್ತಿಕೊಳ್ಳುವ ಜಾಗಕ್ಕೆ ಬೆರಳು ಆಡಿಸಿ ನೋಡಿ. ಉಗುರಿಗೆ ತಾಗುವಷ್ಟು ಸುಣ್ಣ ಇದ್ದರೂ ಹೊಸ ರಿಂಗ್ ಸರಿಯಾಗಿ ಕೂರುವುದಿಲ್ಲ. ಉಳಿ, ಸ್ಕ್ರೂಡ್ರೈವರ್ ಹಾಕಿ ಕೆರೆಯಬೇಡಿ, ಗೀರು ಬೀಳುತ್ತದೆ. ಪ್ಲಾಸ್ಟಿಕ್ ಚೂರು, ಒರಟು ಬಟ್ಟೆ ಸಾಕು. ಸಿಲಿಕಾನ್ ಗಮ್ ಹಚ್ಚಲೇಬೇಡಿ. ಹೆಚ್ಚಾದ ಗಮ್ ಒಳಗೆ ಕಿತ್ತು ಹೋಗಿ ರೇಡಿಯೇಟರಿನಲ್ಲಿ ಸಿಕ್ಕಿಕೊಳ್ಳುತ್ತದೆ. ಹೊಸ ರಿಂಗ್ ಕೂರಿಸಿ, ಎರಡೂ ಬೋಲ್ಟ್ ಕೈಯಲ್ಲೇ ಪೂರ್ತಿ ಹೋಗುವಷ್ಟು ತಿರುಗಿಸಿ, ಆಮೇಲೆ ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪ ಬಿಗಿ ಮಾಡಿ. ಬಿಗಿ 24 ನ್ಯೂಟನ್ ಮೀಟರ್ ಅಷ್ಟೇ. ನಮ್ಮ ಹುಡುಗರು ಉದ್ದ ಪಾನಾ ಹಾಕಿ ಮೈಭಾರ ಬಿಡುತ್ತಾರೆ, ಅಷ್ಟು ಬೇಕಾಗಿಲ್ಲ.

ಬೆಲ್ಟ್ ಹೇಗೂ ಕೈಯಲ್ಲಿದೆ. ಒಳಮಗ್ಗುಲಿನ ಗೆರೆಗಳಲ್ಲಿ ಬಿರುಕು, ಹರಿದ ಅಂಚು ಕಂಡರೆ ಹೊಸದು ಹಾಕಿ. ಟೆನ್ಶನರ್ ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿ ಕಿವಿ ಕೊಡಿ. ಒಣ ಸದ್ದು ಬಂದರೆ, ಇಲ್ಲವೇ ಸ್ಪ್ರಿಂಗ್ ತೋಳು ತಡೆದು ತಡೆದು ಹೊರಳಿದರೆ ಅದು ಮುಗಿದಿದೆ. ಫ್ಯಾನ್ ಹಬ್ ಬೇರಿಂಗನ್ನೂ ಅಲುಗಾಡಿಸಿ ನೋಡಿ. ಹೋಸ್ ಪೈಪುಗಳನ್ನು ಕ್ಲಿಪ್ ಹತ್ತಿರ ಹಿಸುಕಿ. ಮೆತ್ತಗೆ ಪಿಚಿ ಪಿಚಿ ಅಂದರೂ ಕೆಟ್ಟದ್ದು, ಗಟ್ಟಿಯಾಗಿ ಕರಕರ ಅಂದರೂ ಕೆಟ್ಟದ್ದು.

ಥರ್ಮೋಸ್ಟಾಟ್, ಅಂದರೆ ಇಂಜಿನ್ ಬಿಸಿಯಾದ ಮೇಲೆ ರೇಡಿಯೇಟರಿಗೆ ನೀರು ಬಿಡುವ ಕವಾಟ. ಅದರ ಬಗ್ಗೆ ಸ್ವಲ್ಪ ಜೋರಾಗಿಯೇ ಹೇಳುತ್ತೇನೆ. ಬೇಸಿಗೆ ಬಂತು ಅಂದರೆ ಅದನ್ನು ಕಿತ್ತು ಬಿಸಾಡುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಅದು ತಪ್ಪು. ಥರ್ಮೋಸ್ಟಾಟ್ ತೆರೆದಾಗ ಬೈಪಾಸ್ ದಾರಿ ಮುಚ್ಚುವ ಹಾಗೆ ಬಹಳ ಇಂಜಿನ್‌ಗಳನ್ನು ಮಾಡಿರುತ್ತಾರೆ. ಅದನ್ನೇ ತೆಗೆದರೆ ಬೈಪಾಸ್ ತೆರೆದೇ ಉಳಿಯುತ್ತದೆ, ಒಂದಿಷ್ಟು ಬಿಸಿ ನೀರು ರೇಡಿಯೇಟರಿಗೆ ಹೋಗದೆ ಹಾಗೇ ವಾಪಸ್ ಇಂಜಿನ್ನಿಗೆ ಬರುತ್ತದೆ. ಲೋಡಿನಲ್ಲಿ ಹೀಟ್ ಕಮ್ಮಿಯಾಗುವ ಬದಲು ಏರಬಹುದು. ಅನುಮಾನ ಇದ್ದರೆ ದಾರ ಕಟ್ಟಿ ಪಾತ್ರೆಯ ನೀರಿನಲ್ಲಿ ತಳ ಮುಟ್ಟದಂತೆ ಇಳಿಬಿಟ್ಟು ಕಾಯಿಸಿ, ಥರ್ಮಾಮೀಟರ್ ಇಡಿ. 80ರಿಂದ 85 ಡಿಗ್ರಿ ಸುಮಾರಿಗೆ ಬಾಯಿ ಬಿಡಲು ಶುರು ಮಾಡಬೇಕು. ಸರಿಯಾದ ಅಂಕಿ ಅದರ ಮೇಲೇ ಒತ್ತಿರುತ್ತದೆ.

ಇಷ್ಟೆಲ್ಲ ಆದ ಮೇಲೆ ಸಿಸ್ಟಮ್ ತೊಳೆಯದೆ ಹೊಸ ಕೂಲಂಟ್ ಹಾಕಬೇಡಿ. ಇದು ನಾನು ಪೆಟ್ಟು ತಿಂದು ಕಲಿತದ್ದು. ಬೆಳಗಾವಿಯಲ್ಲಿ ಕೆಲಸ ಶುರು ಮಾಡಿದ ಹೊಸತರಲ್ಲಿ ಒಂದು ಗಾಡಿಗೆ ಹೊಸ ಪಂಪ್ ಹಾಕಿ, ಒಳಗೆ ಕೆಂಪು ಕೆಸರು ಇದ್ದದ್ದನ್ನು ಕಂಡೂ ತೊಳೆಯದೆ ಕಳಿಸಿದೆ. ಮೂರೇ ವಾರಕ್ಕೆ ಗಾಡಿ ವಾಪಸ್ ಬಂತು, ಅದೇ ತೂತಿನಿಂದ ನೀರು. ಆ ಮಾಲೀಕರಿಗೆ ಒಂದು ಲೋಡ್ ದ್ರಾಕ್ಷಿ ತಡವಾಗಿತ್ತು. ಅವತ್ತಿನಿಂದ ರೇಡಿಯೇಟರ್ ಕ್ಲೀನರ್ ಹಾಕಿ ಓಡಿಸಿ, ಇಳಿದು ಬರುವ ನೀರು ತಿಳಿಯಾಗುವವರೆಗೂ ತೊಳೆಯದೆ ನಾನು ಮುಂದಕ್ಕೆ ಹೋಗುವುದಿಲ್ಲ.

ಪ್ರಶ್ನೆ: ನಮ್ಮ ಲಾರಿಗೂ ಅದೇ ಕಮಿನ್ಸ್ ಇಂಜಿನ್. ಪಂಪ್ ಬದಲಿಸುವಾಗ ಕೆಳಗಡೆ ಕ್ರ್ಯಾಂಕ್ ಪುಲ್ಲಿ ಹಿಂದೆ ಆಯಿಲ್ ಜಿನುಗಿದ್ದು ಕಂಡಿತು. ಅದನ್ನೂ ಈಗಲೇ ಮಾಡಿಸಬೇಕಾ?
(ಓದುಗರು, ನಿಪ್ಪಾಣಿ)

ಉತ್ತರ: ಮಾಡಿಸಿ. ಅದು ಮುಂದಿನ ಕ್ರ್ಯಾಂಕ್ ಆಯಿಲ್ ಸೀಲ್. ಬೆಲ್ಟ್ ತೆಗೆದಾಗಲೇ ಅರ್ಧ ದಾರಿ ಬಂದಾಗಿದೆ. ಡ್ಯಾಂಪರ್, ಅಂದರೆ ಕ್ರ್ಯಾಂಕಿನ ನಡುಕ ತಗ್ಗಿಸುವ ಮುಂದಿನ ಚಕ್ರ, ನಾಲ್ಕು ಬೋಲ್ಟಿನಲ್ಲಿ ನಿಂತಿರುತ್ತದೆ, ವಾಪಸ್ ಹಾಕುವಾಗ 125 ನ್ಯೂಟನ್ ಮೀಟರ್ ಬಿಗಿ. ಡ್ಯಾಂಪರಿನ ಒಳ ಹಬ್ಬಿನಲ್ಲೊಂದು, ಹೊರ ಉಂಗುರದಲ್ಲೊಂದು ಗೆರೆ ಇರುತ್ತದೆ. ಎರಡೂ ನೇರ ಇರಬೇಕು. ಒಂದೂವರೆ ಮಿಲಿಮೀಟರಿಗಿಂತ ಜಾಸ್ತಿ ಸರಿದಿದ್ದರೆ ನಡುವಿನ ರಬ್ಬರ್ ಬಿಟ್ಟಿದೆ, ಡ್ಯಾಂಪರ್ ಬದಲಿಸಿ.

ಸೀಲ್ ಹಾಕುವಾಗ ನಮ್ಮ ಕೈ ತಾನಾಗೇ ಆಯಿಲ್ ಡಬ್ಬಿಗೆ ಹೋಗುತ್ತದೆ ಅಲ್ವಾ? ಇಲ್ಲಿ ಬೇಡ. ಈ ಇಂಜಿನ್ನಿನ ಸೀಲ್ ಒಣಗಿಯೇ ಕೂರಬೇಕು. ಶಾಫ್ಟನ್ನೂ ಒರೆಸಿ ಒಣಗಿಸಿ. ಎಣ್ಣೆ ಹಚ್ಚಿ ಹಾಕಿದರೆ ಅದು ಸೋರುತ್ತಲೇ ಇರುತ್ತದೆ. ಶಾಫ್ಟಿನಲ್ಲಿ ಹಳೆಯ ಸೀಲ್ ಕೊರೆದ ಗೆರೆ ಉಗುರಿಗೆ ಸಿಕ್ಕರೆ ವೇರ್ ಸ್ಲೀವ್, ಅಂದರೆ ಸವೆದ ಜಾಗದ ಮೇಲೆ ಕೂರುವ ತೆಳು ಬಳೆ, ಹಾಕಿಸಿ.

ಟೈಮಿಂಗ್ ಗೇರಿನ ಮುಂದಿನ ಕವರನ್ನೇ ಬಿಚ್ಚುವ ಸಂದರ್ಭ ಬಂದರೆ ಗೇರ್ ಹೌಸಿಂಗನ್ನು ಸರಿಯಾದ ಜಾಗದಲ್ಲಿ ಕೂರಿಸುವ ಡವೆಲ್ ಪಿನ್ ಒಮ್ಮೆ ನೋಡಿ. ಇದೇ ಮನೆತನದ 5.9 ಲೀಟರ್ ಇಂಜಿನ್ ಹಾಕಿದ್ದ, 1989ರಿಂದ 2002ರವರೆಗಿನ ಅಮೆರಿಕದ ಡಾಡ್ಜ್ ಪಿಕಪ್‌ಗಳಲ್ಲಿ ಆ ಪಿನ್ ಸಡಿಲಾಗಿ ಗೇರಿನೊಳಗೆ ಬಿದ್ದು ದೊಡ್ಡ ಹಾನಿ ಮಾಡಿದ್ದು ಎಲ್ಲರಿಗೂ ಗೊತ್ತಿರುವ ವಿಷಯ. ಪಕ್ಕದ ಬೋಲ್ಟಿನ ಕೆಳಗೆ ಒಂದು ಸಣ್ಣ ತಗಡಿನ ಪಟ್ಟಿ ಕೊಟ್ಟು ಪಿನ್ ಹೊರಬರದಂತೆ ತಡೆಯುತ್ತಾರೆ. ಆದರೆ ಅದೊಂದಕ್ಕಾಗಿ ಸುಮ್ನೆ ಚೆನ್ನಾಗಿರುವ ಕವರ್ ಬಿಚ್ಚಬೇಡಿ.

ಪ್ರಶ್ನೆ: ಹೊಸ ಪಂಪ್ ಹಾಕಿಸಿ ನಾಲ್ಕು ದಿನ ಆಯಿತು. ಸೊಲ್ಲಾಪುರಕ್ಕೆ ಲೋಡ್ ಒಯ್ಯುವಾಗ ಮತ್ತೆ ಮುಳ್ಳು ಕೆಂಪಿಗೆ ಹೋಯಿತು. ಪಂಪೇ ನಕಲಿ ಇರಬಹುದಾ?
(ಡ್ರೈವರ್, ವಿಜಯಪುರ)

ಉತ್ತರ: ಇರಬಹುದು, ಆದರೆ ಮೊದಲು ಗಾಳಿ ನೋಡಿ. ನೀರು ಇಳಿಸಿ ಮತ್ತೆ ತುಂಬಿದಾಗ ಒಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ. ರೇಡಿಯೇಟರ್ ಬಾಯಿತನಕ ತುಂಬಿದ ಹಾಗೆ ಕಾಣುತ್ತದೆ, ಹೆಡ್ಡಿನಲ್ಲಿ ನೀರೇ ಇರುವುದಿಲ್ಲ. ಗಾಡಿಯ ಮೂತಿ ಸ್ವಲ್ಪ ಮೇಲಿರುವ ಜಾಗದಲ್ಲಿ ನಿಲ್ಲಿಸಿ, ಏರ್ ಪ್ಲಗ್ ಇದ್ದರೆ ಸಡಿಲಿಸಿ, ನಿಧಾನಕ್ಕೆ ತುಂಬಿ. ಹೀಟರ್ ಇದ್ದರೆ ತೆರೆದಿಡಿ. ಥರ್ಮೋಸ್ಟಾಟ್ ತೆರೆಯುವವರೆಗೂ ಓಡಿಸಿ, ತಣ್ಣಗಾದ ಮೇಲೆ ಮತ್ತೆ ಮಟ್ಟ ನೋಡಿ.

ಆಮೇಲೆ ಮುಚ್ಚಳ. ವಿಜಯಪುರ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಬರೀ ನೀರು ಅಲ್ಲಿ 98 ಡಿಗ್ರಿಗೇ ಕುದಿಯುತ್ತದೆ. ಒಳ್ಳೆಯ ಮುಚ್ಚಳ ಹಿಡಿದಿಡುವ ಒಂದೊಂದು ಪಿಎಸ್‌ಐ ಪ್ರೆಶರಿಗೂ ಕುದಿಯುವ ಬಿಂದು ಹೆಚ್ಚುಕಮ್ಮಿ ಒಂದೂವರೆ ಡಿಗ್ರಿ ಮೇಲೇರುತ್ತದೆ. ರಬ್ಬರ್ ಸೀಳಿದ ಮುಚ್ಚಳ ಹಾಕಿಕೊಂಡು ಮೇ ತಿಂಗಳ 40 ಡಿಗ್ರಿ ಬಿಸಿಲಿನಲ್ಲಿ ಲೋಡ್ ಎಳೆದರೆ ಇಂಜಿನ್ ತಡೆಯುವುದಿಲ್ಲ. ಬಿಸಿ ಇದ್ದಾಗ ಮಾತ್ರ ದಯವಿಟ್ಟು ಮುಚ್ಚಳ ತೆರೆಯಬೇಡಿ. ಬಟ್ಟೆ ಹಿಡಿದು ತೆರೆದರೂ ಮುಖ ಸುಡುತ್ತದೆ, ಅಂಥ ಗಾಯ ನಾನು ಕಣ್ಣಾರೆ ಕಂಡಿದ್ದೇನೆ.

ರೇಡಿಯೇಟರಿನ ಹೊರಮೈ ಕೂಡ ನೋಡಿ. ಕಬ್ಬು ಹೊತ್ತ ಗಾಡಿಯಾದರೆ ರವದಿ, ಧೂಳು, ಹುಳ ಎಲ್ಲ ಸೇರಿ ಗೋಡೆ ಕಟ್ಟಿರುತ್ತದೆ. ಇಂಜಿನ್ ಕಡೆಯಿಂದ ಹೊರಕ್ಕೆ ಮೆಲ್ಲಗೆ ನೀರು ಹೊಡೆಯಿರಿ. ಸರ್ವಿಸ್ ಸ್ಟೇಷನ್ನಿನ ಜೋರು ಪೈಪ್ ಹಿಡಿದರೆ ತೆಳು ಪಟ್ಟಿಗಳು ಮಡಚಿಕೊಳ್ಳುತ್ತವೆ. ಬಿಸಿಯಾದಾಗ ಮಾತ್ರ ಕ್ಲಚ್ ಹಿಡಿದು ಜೋರಾಗಿ ತಿರುಗುವ ವಿಸ್ಕಸ್ ಫ್ಯಾನ್ ಇದ್ದರೆ, ಇಂಜಿನ್ ಬಿಸಿ ಇರುವಾಗ ಆಫ್ ಮಾಡಿ, ಫ್ಯಾನ್ ಪೂರ್ತಿ ನಿಂತ ಮೇಲೆ ಕೈಯಲ್ಲಿ ತಿರುಗಿಸಿ. ತಡೆ ಇಲ್ಲದೆ ಗಿರಗಿರ ತಿರುಗಿದರೆ ಕ್ಲಚ್ ಹೋಗಿದೆ. ಇಷ್ಟೂ ಸರಿ ಇದ್ದು, ಮುಚ್ಚಳ ತೆರೆದಿಟ್ಟು ತಣ್ಣಗಿನ ಇಂಜಿನ್ ಶುರು ಮಾಡಿದ ಕೂಡಲೇ ಗುಳ್ಳೆ ಒಂದೇ ಸಮ ಬರುತ್ತಿದ್ದರೆ ಹೆಡ್ ಪ್ಯಾಕಿಂಗ್ ಪರೀಕ್ಷೆ ಮಾಡಿಸಿ, ಗಾಡಿ ಮುಂದಕ್ಕೆ ಓಡಿಸಬೇಡಿ.

ಪ್ರಶ್ನೆ: ಹಳೆಯ ಪಂಪಿಗೆ ಬೇರಿಂಗ್, ಸೀಲ್ ಇರುವ ರಿಪೇರಿ ಕಿಟ್ ಹಾಕಿಸಿದರೆ ನಡೆಯುತ್ತದಾ?
(ಓದುಗರು, ಇಳಕಲ್)

ಉತ್ತರ: ಪ್ರೆಸ್ ಇರುವ, ಕೈ ಪಳಗಿದ ಕಡೆ ಆದರೆ ನಡೆಯುತ್ತದೆ. ಸುತ್ತಿಗೆಯಲ್ಲಿ ಬಡಿದು ಬೇರಿಂಗ್ ಕೂರಿಸುವ ಕಡೆ ಬೇಡ. ಇಂಪೆಲ್ಲರಿಗೂ ಬಾಡಿಗೂ ನಡುವಿನ ಸಂದು ಜಾಸ್ತಿಯಾದರೆ ಪಂಪ್ ತಿರುಗುತ್ತದೆ, ನೀರು ಮಾತ್ರ ತಳ್ಳುವುದಿಲ್ಲ. ದೂರದ ಲೋಡಿಗೆ ಹೋಗುವ ಗಾಡಿಗೆ ನಾನಂತೂ ಹೊಸದೇ ಹಾಕಿ ಅನ್ನುತ್ತೇನೆ.

ಪ್ರಶ್ನೆ: ಇಳಿಸಿದ ಹಳೆ ಕೂಲಂಟ್ ಹೊಲದ ಬದುವಿಗೆ ಚೆಲ್ಲಬಹುದಾ?
(ಓದುಗರು, ಜಮಖಂಡಿ)

ಉತ್ತರ: ಖಂಡಿತ ಬೇಡ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಆದರೆ ವಿಷ. ಎತ್ತು, ಎಮ್ಮೆ, ನಾಯಿ ನೆಕ್ಕಿದರೆ ಕಿಡ್ನಿ ಹೋಗಿ ಸಾಯುತ್ತವೆ. ಯಾರ್ಡಿನಲ್ಲಿ ಕಬ್ಬಿನ ಬಂಡಿ ಎತ್ತುಗಳನ್ನು ಬಿಚ್ಚಿ ಕಟ್ಟಿರುತ್ತಾರೆ, ಅಲ್ಲೇ ಪಕ್ಕದಲ್ಲಿ ಲಾರಿ ಕೆಳಗೆ ಹಸಿರು ನೀರು ನಿಂತಿದ್ದನ್ನು ನಾನು ನೋಡಿ ಮಣ್ಣು ಮುಚ್ಚಿಸಿದ್ದೇನೆ. ಮುಚ್ಚಳ ಇರುವ ಕ್ಯಾನಿಗೆ ತುಂಬಿ, ಮೇಲೆ "ವಿಷ" ಅಂತ ದಪ್ಪಗೆ ಬರೆದು, ಮಕ್ಕಳ ಕೈಗೆ ಸಿಗದ ಕಡೆ ಇಡಿ. ಹಳೆ ಆಯಿಲ್ ಜೊತೆ ಬೆರೆಸಬೇಡಿ. ಸರ್ವಿಸ್‌ಗೆ ಹೋದಾಗ ತ್ಯಾಜ್ಯ ಕೂಲಂಟ್ ತೆಗೆದುಕೊಳ್ಳುವ ವರ್ಕ್‌ಶಾಪ್ ಯಾವುದು ಅಂತ ಕೇಳಿ, ಅಲ್ಲಿಗೇ ಕೊಡಿ.