ಶುಗರ್ ಇರುವ ಅಪ್ಪನ ಬ್ಲಡ್ ಕಲ್ಚರ್‌ನಲ್ಲಿ ‘ಸೂಡೊಮೊನಾಸ್’ ಬಂದಿದೆ, ಕಂಟಾಮಿನೇಷನ್ ಅಂತಾರೆ. ಬಿಟ್ಟುಬಿಡಬಹುದಾ?

ನೀವು ಬರೆದದ್ದು ಇಷ್ಟು: ಗಂಗಾವತಿ ಹತ್ತಿರದ ಊರು, ತಂದೆಯವರಿಗೆ 58, ಹಳೇ ಶುಗರ್, ಕೀಲುವಾತಕ್ಕೆ ಸ್ಟೀರಾಯ್ಡ್ ಗುಳಿಗೆ. ಭತ್ತದ ನಾಟಿ ಮುಗಿದ ಮೇಲೆ ಹಿಡಿದ ಜ್ವರ ಎರಡು ವಾರವಾದರೂ ಇಳಿದಿಲ್ಲ. ಬ್ಲಡ್ ಕಲ್ಚರ್ (ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದಾ ಅಂತ ನೋಡುವ ಪರೀಕ್ಷೆ) ರಿಪೋರ್ಟ್‌ನಲ್ಲಿ ‘ಸೂಡೊಮೊನಾಸ್ ಸ್ಪೀಶೀಸ್’ ಎಂಬ ಬ್ಯಾಕ್ಟೀರಿಯಾ ಬಂದಿದೆ, ಅದು ಕಂಟಾಮಿನೇಷನ್, ಅಂದರೆ ಹೊರಗಿನಿಂದ ಸೇರಿಕೊಂಡದ್ದು ಅಂತಾರೆ.

ಬಿಡಬೇಡಿ. ಶುಗರ್, ಸ್ಟೀರಾಯ್ಡ್, ಕೆಸರುಗದ್ದೆ ಮೂರೂ ಕೂಡಿದಾಗ ಮೆಲಿಯೊಯ್ಡೋಸಿಸ್ ಅಲ್ಲ ಅಂತ ಖಾತ್ರಿ ಆಗುವ ತನಕ ಆ ರಿಪೋರ್ಟನ್ನು ಕಸದ ಬುಟ್ಟಿಗೆ ಹಾಕುವ ಹಾಗಿಲ್ಲ. ಈ ರೋಗ ತರುವುದು ಬರ್ಖೋಲ್ಡೇರಿಯಾ ಸೂಡೋಮಲ್ಲೈ ಎಂಬ ಬ್ಯಾಕ್ಟೀರಿಯಾ, ಲ್ಯಾಬಿನಲ್ಲಿ ಇದನ್ನು ಸೂಡೊಮೊನಾಸ್ ಅಂತ ತಪ್ಪಾಗಿ ಗುರುತಿಸುವುದುಂಟು. ಮಣ್ಣಲ್ಲಿ, ನಿಂತ ನೀರಲ್ಲಿ ಇರುತ್ತದೆ. ಕಾಲಿನ ಬಿರುಕು, ಗಾಯದಿಂದ ಒಳಗೆ ಹೋಗುತ್ತದೆ, ಉಸಿರಿನ ಜೊತೆಗೂ ಕುಡಿಯುವ ನೀರಿನ ಜೊತೆಗೂ ಹೋಗಬಹುದು. ಹೊಸ ರೋಗವೇನಲ್ಲ, 1911ರಲ್ಲೇ ರಂಗೂನಿನಲ್ಲಿ ವಿಟ್ಮೋರ್ ಮತ್ತು ಕೃಷ್ಣಸ್ವಾಮಿ ಎಂಬ ವೈದ್ಯರು ಗುರುತಿಸಿದ್ದರು. ನಮ್ಮ ರಾಜ್ಯದಲ್ಲಿ ಉಡುಪಿ, ಮಂಗಳೂರು ಕಡೆಯ ಡಾಕ್ಟರುಗಳಿಗೆ ಇದು ಚೆನ್ನಾಗಿ ಪರಿಚಯ. ತುಂಗಭದ್ರಾ ಕಾಲುವೆಯ ಕೆಳಗಿನ ಸಿಂಧನೂರು, ಕಾರಟಗಿ, ಸಿರುಗುಪ್ಪವೂ ಭತ್ತದ ನಾಡೇ. ಆದರೆ ಇಲ್ಲಿ ಜ್ವರ ಅಂದಕೂಡಲೇ ಟೈಫಾಯ್ಡ್, ಎಕ್ಸ್‌ರೇಯಲ್ಲಿ ಕಲೆ ಕಂಡರೆ ಟಿಬಿ ಅನ್ನುವುದೇ ರೂಢಿ.

ಈಗ ರಿಪೋರ್ಟ್ ಕೈಗೆ ತಗೊಳ್ಳಿ. ಬ್ಯಾಕ್ಟೀರಿಯಾದ ಹೆಸರಿನ ಕೆಳಗೆ ಔಷಧಗಳ ಪಟ್ಟಿ ಇರುತ್ತದೆ, ಪಕ್ಕದಲ್ಲಿ ‘ಎಸ್’ ಅಥವಾ ‘ಆರ್’. ‘ಎಸ್’ ಅಂದರೆ ಔಷಧ ನಾಟುತ್ತದೆ, ‘ಆರ್’ ಅಂದರೆ ನಾಟುವುದಿಲ್ಲ. ಜೆಂಟಾಮೈಸಿನ್ ಮುಂದೆ ಆರ್, ಕೊಲಿಸ್ಟಿನ್ ಮುಂದೆ ಆರ್, ಆದರೆ ಅಮಾಕ್ಸಿಸಿಲಿನ್-ಕ್ಲಾವುಲನೇಟ್ (ಅಮಾಕ್ಸಿಕ್ಲಾವ್) ಮುಂದೆ ಎಸ್ ಇದೆಯಾ? ಮಾಮೂಲಿ ಸೂಡೊಮೊನಾಸ್ ಇದಕ್ಕೆ ತದ್ವಿರುದ್ಧ: ಕೊಲಿಸ್ಟಿನ್‌ಗೆ ಸಾಮಾನ್ಯವಾಗಿ ಬಗ್ಗುತ್ತದೆ, ಅಮಾಕ್ಸಿಕ್ಲಾವ್‌ಗೆ ಬಗ್ಗುವುದೇ ಇಲ್ಲ. ಈ ಮೂರು ಸಾಲು ಆರ್, ಆರ್, ಎಸ್ ಅಂತ ತಿರುಗಾಮುರುಗಾ ಇದ್ದರೆ ಇವತ್ತೇ ಡಾಕ್ಟರಿಗೆ ತೋರಿಸಿ, ‘ಮೆಲಿಯೊಯ್ಡೋಸಿಸ್ ಇರಬಹುದಾ, ಲ್ಯಾಬಿನವರನ್ನು ಕೇಳ್ತೀರಾ’ ಅನ್ನಿ. ಕೆಲವು ಆಟೊಮ್ಯಾಟಿಕ್ ಮಷಿನ್ನುಗಳು ಇದನ್ನೇ ‘ಬರ್ಖೋಲ್ಡೇರಿಯಾ ಸೆಪೇಶಿಯಾ’ ಅಂತಲೂ ತಪ್ಪಾಗಿ ಹೇಳುತ್ತವೆ, ಆ ಹೆಸರು ಬಂದರೂ ಇದೇ ಪ್ರಶ್ನೆ ಕೇಳಿ.

ಲ್ಯಾಬಿಗೆ ಅನುಮಾನವನ್ನು ಮೊದಲೇ ಹೇಳುವುದು ಬಹಳ ಮುಖ್ಯ. ಸ್ಟೇನ್ ಮಾಡಿದಾಗ ಈ ಬ್ಯಾಕ್ಟೀರಿಯಾದ ಎರಡೂ ತುದಿಗೆ ಬಣ್ಣ ಹಿಡಿದು ನಡು ಖಾಲಿ ಕಾಣುತ್ತದೆ, ಥೇಟ್ ಸೇಫ್ಟಿ ಪಿನ್ನಿನ ಹಾಗೆ. ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟಿನ ಮೇಲೆ ಮೂರು ನಾಲ್ಕು ದಿನಕ್ಕೆ ಒಣಗಿ ಸುಕ್ಕುಗಟ್ಟಿದ ಕಾಲೊನಿ (ಬ್ಯಾಕ್ಟೀರಿಯಾದ ಗುಂಪು) ಕಾಣುತ್ತದೆ. ಎರಡನೇ ದಿನಕ್ಕೇ ಪ್ಲೇಟ್ ಎಸೆದರೆ ಸುಕ್ಕು ಕಾಣುವುದೇ ಇಲ್ಲ. (ಲ್ಯಾಬಿನವರಿಗೊಂದು ಮಾತು: ಮಣ್ಣಿನ ವಾಸನೆ ಬರುತ್ತಾ ಅಂತ ಪ್ಲೇಟಿಗೆ ಮೂಗು ಹಚ್ಚಬೇಡಿ. ಉಸಿರಿನಿಂದಲೇ ಹತ್ತುವ ಬ್ಯಾಕ್ಟೀರಿಯಾ ಇದು. ಸೇಫ್ಟಿ ಕ್ಯಾಬಿನೆಟ್‌ನಲ್ಲೇ ತೆಗೆಯಿರಿ.)

ಕಲ್ಚರ್ ಮತ್ತೆ ಮಾಡಿಸುವುದಾದರೆ ಎರಡು ಕೈಯಿಂದ ಬೇರೆ ಬೇರೆಯಾಗಿ ರಕ್ತ ತೆಗೆಯಲಿ, ಬಾಟಲಿಗೆ 8ರಿಂದ 10 ಎಂಎಲ್. ಒಂದೇ ಬಾಟಲಿಗೆ 3 ಎಂಎಲ್ ಹಾಕಿ ಕಳಿಸಿದರೆ ಬ್ಯಾಕ್ಟೀರಿಯಾ ಇದ್ದೂ ಸಿಗದೆ ಹೋಗಬಹುದು. ಬಾಟಲಿಯನ್ನು ಫ್ರಿಜ್‌ನಲ್ಲಿ ಇಡಬಾರದು. ರಕ್ತದ ಜೊತೆ ಮೂತ್ರ, ಕಫ, ಗಂಟಲಿನ ಸ್ವಾಬ್, ಕೀವಿದ್ದರೆ ಅದೂ ಹೋಗಲಿ. ಎರಡೂ ಕೈಯ ಬಾಟಲಿಯಲ್ಲಿ ಒಂದೇ ಬ್ಯಾಕ್ಟೀರಿಯಾ ಬೆಳೆದರೆ ಕಂಟಾಮಿನೇಷನ್ ಎಂಬ ಮಾತು ನಿಲ್ಲುವುದಿಲ್ಲ. ಏನೂ ಬೆಳೆಯದಿದ್ದರೆ ರೋಗ ಇಲ್ಲ ಅಂತಲೂ ಅಲ್ಲ. ಹೊಟ್ಟೆಯ ಸ್ಕ್ಯಾನ್ ಬೇಕೇ ಬೇಕು: ಲಿವರ್, ಗುಲ್ಮ (ಸ್ಪ್ಲೀನ್), ಗಂಡಸರಿಗಾದರೆ ಪ್ರಾಸ್ಟೇಟ್‌ನಲ್ಲಿ ಕೀವುಗಡ್ಡೆ ಅಡಗಿರಬಹುದು. ಬಳ್ಳಾರಿಯ ಬಿಎಂಸಿಆರ್‌ಸಿ (ಮೊದಲಿನ ವಿಮ್ಸ್), ರಾಯಚೂರಿನ ರಿಮ್ಸ್‌ನಂಥ ಮೆಡಿಕಲ್ ಕಾಲೇಜುಗಳಲ್ಲಿ ಮೈಕ್ರೊಬಯಾಲಜಿ ವಿಭಾಗವೇ ಇದೆ. ಉಸಿರು ಜೋರಾದರೆ, ಬಿಪಿ ಇಳಿದರೆ, ಮಾತು ತೊದಲಿದರೆ ರಿಪೋರ್ಟ್ ಕಾಯದೆ ಅಡ್ಮಿಟ್ ಮಾಡಿ. ರಕ್ತಕ್ಕೆ ಇಳಿದ ಮೆಲಿಯೊಯ್ಡೋಸಿಸ್ ಒಂದೆರಡು ದಿನದಲ್ಲೇ ಜೀವ ತೆಗೆಯಬಲ್ಲದು.

ಖಾತ್ರಿಯಾದರೆ ಸೆಫ್ಟಾಜಿಡೀಮ್ ಅಥವಾ ಮೆರೊಪೆನೆಮ್ ರಕ್ತನಾಳಕ್ಕೆ, ಕಡಿಮೆ ಅಂದರೂ 10ರಿಂದ 14 ದಿನ. ಒಳಗೆ ಕೀವುಗಡ್ಡೆ ಇದ್ದರೆ ನಾಲ್ಕು ವಾರ ಅಥವಾ ಇನ್ನೂ ಹೆಚ್ಚು. ಎಲ್ಲ ಜ್ವರಕ್ಕೂ ಹಾಕುವ ಸೆಫ್ಟ್ರಿಯಾಕ್ಸೋನ್ ಹೆಸರಲ್ಲಿ ಅಣ್ಣತಮ್ಮನಂತಿದ್ದರೂ ಇಲ್ಲಿ ಅದನ್ನು ನಂಬುವಂತಿಲ್ಲ. ಸರಿಯಾದ ಔಷಧ ಬಿದ್ದರೂ ಜ್ವರ ಇಳಿಯಲು ಎಂಟೊಂಬತ್ತು ದಿನ ಹಿಡಿಯುವುದು ಸಹಜ. ಮೂರನೇ ದಿನಕ್ಕೇ ‘ಔಷಧ ನಾಟ್ತಿಲ್ಲ, ಬೇರೆ ಆಸ್ಪತ್ರೆಗೆ ಒಯ್ಯೋಣ’ ಅಂತ ಮನೆಯವರು ಎದ್ದರೆ ಕೆಲಸ ಕೆಡುತ್ತದೆ. ಸ್ಟೀರಾಯ್ಡನ್ನು ನೀವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿ, ಅದರಿಂದಲೂ ಬಿಪಿ ಕುಸಿಯುತ್ತದೆ. ಡಾಕ್ಟರೇ ಹೊಂದಿಸಲಿ.

ನಿಜವಾದ ತೊಡಕು ಡಿಸ್ಚಾರ್ಜ್ ಆದ ಮೇಲೆ. ಇನ್ನೂ 3 ತಿಂಗಳು ಕೋಟ್ರೈಮಾಕ್ಸಜೋಲ್ ಗುಳಿಗೆ ನುಂಗಬೇಕು, ಇಲ್ಲದಿದ್ದರೆ ರೋಗ ಮರುಕಳಿಸುತ್ತದೆ. ಡೋಸ್ ಕೂಡ ಮಾಮೂಲಿಗಿಂತ ಹೆಚ್ಚು: ಕಿಡ್ನಿ ಚೆನ್ನಾಗಿದ್ದು ತೂಕ 60 ಕೆಜಿ ಮೇಲಿದ್ದರೆ ಡಿಎಸ್ (ಡಬಲ್ ಸ್ಟ್ರೆಂತ್) ಗುಳಿಗೆ ಎರಡೆರಡು, ದಿನಕ್ಕೆ ಎರಡು ಸಲ. 40ರಿಂದ 60 ಕೆಜಿ ಇದ್ದವರಿಗೆ ಸಲಕ್ಕೆ ಒಂದೂವರೆ. ಊರಿನ ಮೆಡಿಕಲ್ ಸ್ಟೋರಿನಲ್ಲಿ ‘ಇಷ್ಟು ಯಾರೂ ಬರೆಯಲ್ಲ, ಒಂದೊಂದು ಸಾಕು’ ಅಂದರೆ ಕೇಳಬೇಡಿ. ಜೊತೆಗೆ ನೀರು ಚೆನ್ನಾಗಿ ಕುಡಿಯಲಿ. ಮೊದಲ ಕೆಲವು ವಾರ ವಾರಕ್ಕೊಮ್ಮೆ ಕ್ರಿಯಾಟಿನಿನ್ (ಕಿಡ್ನಿಯ ಪರೀಕ್ಷೆ), ಪೊಟ್ಯಾಷಿಯಂ, ರಕ್ತಕಣಗಳ ಎಣಿಕೆ ಆಗಲಿ. ಬಿಪಿಗೆ ಟೆಲ್ಮಿಸಾರ್ಟನ್ ಇದ್ದರೆ ಪೊಟ್ಯಾಷಿಯಂ ಏರಬಹುದು, ಶುಗರ್‌ಗೆ ಗ್ಲಿಮೆಪಿರೈಡ್ ಇದ್ದರೆ ಶುಗರ್ ದಿಢೀರ್ ಇಳಿಯಬಹುದು. ಎರಡನ್ನೂ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಮೈಮೇಲೆ ದದ್ದು ಎದ್ದರೆ, ಬಾಯಿ ಹುಣ್ಣಾದರೆ ಗುಳಿಗೆ ನಿಲ್ಲಿಸಿ ಅವತ್ತೇ ತೋರಿಸಿ.

ಮನೆಯವರಿಗೆ ಹತ್ತುತ್ತದಾ ಅಂತಲೂ ಕೇಳಿದ್ದೀರಿ. ಇಲ್ಲ, ತಂದೆಯವರ ತಾಟು, ಹಾಸಿಗೆ ಬೇರೆ ಮಾಡಬೇಕಿಲ್ಲ. ವಾಸಿಯಾಗಿ ಮತ್ತೆ ಗದ್ದೆಗೆ ಇಳಿಯುವುದಾದರೆ ಮೊಣಕಾಲುದ್ದದ ಗಂಬೂಟು ಹಾಕಲಿ, ಗಾಯದ ಮೇಲೆ ನೀರು ಇಳಿಯದ ಪಟ್ಟಿ ಇರಲಿ, ಕಾಲುವೆ ನೀರನ್ನು ಕಾಯಿಸದೆ ಕುಡಿಯುವುದು ಬೇಡ. ಬೂಟಿನೊಳಗೆ ಕೆಸರು ನುಗ್ಗಿದರೆ ಅಲ್ಲೇ ಬಿಚ್ಚಿ ಕಾಲು ಸೋಪಿನಿಂದ ತೊಳೆಯಲಿ, ಒದ್ದೆ ಬೂಟಿನಲ್ಲೇ ಸಂಜೆ ತನಕ ಇರುವುದು ಬೇಡ.