ಗಾಯಕ್ಕೆ ಸೊಪ್ಪು ಅರೆದು ಹಚ್ಚಬಹುದಾ?

ಪ್ರಶ್ನೆ: ಸಿಸ್ಟರ್, ನಮಸ್ಕಾರ. ನನ್ನ ಒಂಬತ್ತು ವರ್ಷದ ಮಗಳು ಸೈಕಲ್‌ನಿಂದ ಬಿದ್ದು ಮೊಣಕಾಲು ತರಚಿಕೊಂಡು ಎಂಟು ದಿನವಾಯಿತು. ನಮ್ಮ ಅತ್ತೆ ದಿನಾ ಅರಿಶಿನ, ಒಂದೆಲಗ ಅರೆದು ಮೆತ್ತುತ್ತಾರೆ. ಮೇಲೆ ಗಟ್ಟಿಯಾಗಿ ಹಕ್ಕಳೆ ಕಟ್ಟಿದೆ. ಆದರೆ ಒತ್ತಿದರೆ ಮೆತ್ತಗಿದೆ, ಅಂಚಿನಲ್ಲಿ ನೀರು ಜಿನುಗುತ್ತದೆ. ಬೇಡ ಅಂದರೆ ಅತ್ತೆಗೆ ಬೇಜಾರು. ಗಿಡಮೂಲಿಕೆಯಿಂದ ಗಾಯ ವಾಸಿಯಾಗುವುದು ನಿಜವಾ? ಅದರ ಬದಲು ಲೋಳೆಸರ ಹಚ್ಚಲಾ?

ಉತ್ತರ: ನಿಮ್ಮ ಪತ್ರ ಬಂದ ದಿನವೇ ಉತ್ತರ ಕಳಿಸಿದ್ದೆ: ಮಗುವನ್ನು ಇವತ್ತೇ ಡಾಕ್ಟರಿಗೆ ತೋರಿಸಿ, ಧನುರ್ವಾಯು ಲಸಿಕೆ ಕೊನೆಗೆ ಯಾವಾಗ ಹಾಕಿಸಿದ್ದು ಅಂತ ಹೇಳಿ. ಮೇಲೆ ಗಟ್ಟಿ, ಒಳಗೆ ಮೆತ್ತಗೆ, ಪಕ್ಕದಲ್ಲಿ ಜಿನುಗು ಅಂದರೆ ಹಕ್ಕಳೆಯ ಅಡಿ ಕೀವು ಇರಬಹುದು. ಉಳಿದ ವಿಷಯ ಎಲ್ಲರಿಗೂ ಬೇಕಾದದ್ದು, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಹತ್ತೊಂಬತ್ತು ವರ್ಷ ಡ್ರೆಸ್ಸಿಂಗ್ ರೂಮಿನಲ್ಲೇ ಕೆಲಸ ಮಾಡಿದವಳು ನಾನು. ಒಮ್ಮೆ ಒಬ್ಬ ಹುಡುಗನ ಮುಂಗಾಲಿಗೆ ಅರಿಶಿನ ಗಾರೆಯ ಹಾಗೆ ಅಂಟಿಕೊಂಡಿತ್ತು. ಎಳೆಯುವಂತಿಲ್ಲ, ಎಳೆದರೆ ಹೊಸ ಚರ್ಮವೂ ಕಿತ್ತು ಬರುತ್ತದೆ. ಸಲೈನ್‌ನಲ್ಲಿ ನೆನೆಸಿದ ಗಾಜ್ ಬಟ್ಟೆ ಇಟ್ಟು ಕಾಲು ಗಂಟೆ ಕಾದೆ. ಪದರ ಪದರವಾಗಿ ಸಡಿಲವಾಯಿತು. ಅಡಿಯಲ್ಲಿ ಎಲೆಯ ನಾರು, ಎರಡು ಮರಳಿನ ಕಾಳು, ಅದರ ಸುತ್ತ ಕೀವು. ಸುತ್ತಲ ಚರ್ಮ ಕೆಂಪಾಗಿದೆಯಾ ಅಂತ ನೋಡೋಣ ಅಂದರೆ ಎಲ್ಲಾ ಹಳದಿ! ಅರಿಶಿನದ ಬಗ್ಗೆ ನನ್ನ ದೊಡ್ಡ ತಕರಾರು ಇದೇ. ಸೋಂಕು ಹರಡುತ್ತಿದೆ ಅಂತ ಹೇಳುವ ಕೆಂಪನ್ನೇ ಅದು ಮುಚ್ಚಿಬಿಡುತ್ತದೆ.

ಹಾಗಂತ ನಿಮ್ಮ ಅತ್ತೆ ನಂಬಿದ್ದು ಸುಳ್ಳಲ್ಲ. ಒಂದೆಲಗದಲ್ಲಿ ಏಷಿಯಾಟಿಕೋಸೈಡ್ ಅನ್ನುವ ಅಂಶ ಇದೆ. ಚರ್ಮ ಕೂಡಿಕೊಳ್ಳಲು ಬೇಕಾದ ಕೊಲಾಜನ್ ತಯಾರಾಗಲು ಅದು ನೆರವಾಗುತ್ತದೆ. ಅದನ್ನು ಬೇರ್ಪಡಿಸಿ, ಅಳತೆ ಮಾಡಿ ಮುಲಾಮಿಗೆ ಹಾಕುತ್ತಾರೆ. ಬರ್ಚ್ ಅಂತ ಒಂದು ಮರ, ಭೂರ್ಜಪತ್ರದ ಮರದ ಜಾತಿಯದೇ. ಅದರ ತೊಗಟೆಯಿಂದ ಮಾಡಿದ ಜೆಲ್‌ಗೆ 2022ರಲ್ಲಿ ಯುರೋಪಿನಲ್ಲಿ, 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಮುಟ್ಟಿದರೆ ಸಾಕು ಗುಳ್ಳೆ ಎದ್ದು ಚರ್ಮ ಸುಲಿಯುವ ಒಂದು ಹುಟ್ಟುಕಾಯಿಲೆ ಇದೆಯಲ್ಲ, ಆ ಮಕ್ಕಳ ಗಾಯಕ್ಕೆ ಅದನ್ನು ಹಚ್ಚುತ್ತಾರೆ. ಇದನ್ನು ಓದಿದ ದಿನ ನನಗೆ ತುಂಬಾ ಖುಷಿಯಾಗಿತ್ತು, ಆ ಮಕ್ಕಳ ನೋವು ಅಂಥದ್ದು.

ಆದರೆ ಆ ಜೆಲ್‌ನಲ್ಲಿ ಒಂದು ಕ್ರಿಮಿಯೂ ಇರುವುದಿಲ್ಲ. ಕಿತ್ತು ತಂದ ಎಲೆಗೆ ಮಣ್ಣು ಇರುತ್ತದೆ, ಧನುರ್ವಾಯುವಿನ ಬೀಜಾಣು ಇರುವುದೂ ಮಣ್ಣಿನಲ್ಲೇ. ತೊಳೆದರೆ ಪೂರ್ತಿ ಹೋಗುತ್ತದೆ ಅನ್ನುವ ಹಾಗಿಲ್ಲ, ಕುದಿಸಿದರೂ ಬೇಗ ಸಾಯುವುದಿಲ್ಲ. ಆದ್ದರಿಂದ ಬಾಯಿ ತೆರೆದ ಗಾಯಕ್ಕೆ ಹಸಿ ಸೊಪ್ಪು ಬೇಡವೇ ಬೇಡ. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು, ನಾಯಿ ಕಚ್ಚಿದ್ದು, ಆಳವಾದ ಗಾಯ ಇವಕ್ಕಂತೂ ಖಂಡಿತ ಬೇಡ.

ಹಸಿ ಸೊಪ್ಪು ಇಟ್ಟು ಕಟ್ಟುವುದರಲ್ಲಿ ಒಂದು ಒಳ್ಳೆಯ ಗುಟ್ಟು ಇದೆ, ಅದನ್ನು ಬಿಡಬೇಡಿ. ಅದು ತೇವ. 1962ರಲ್ಲಿ ಜಾರ್ಜ್ ವಿಂಟರ್ ಅನ್ನುವವರು ಹಂದಿಗಳ ಮೇಲೆ ಪರೀಕ್ಷೆ ಮಾಡಿದರು. ಗಾಳಿಗೆ ಬಿಟ್ಟು ಒಣಗಿಸಿದ ಗಾಯಕ್ಕಿಂತ ತೆಳು ಹಾಳೆ ಮುಚ್ಚಿ ತೇವ ಉಳಿಸಿದ ಗಾಯದ ಮೇಲೆ ಸುಮಾರು ಎರಡರಷ್ಟು ಬೇಗ ಚರ್ಮ ಬೆಳೆಯಿತು. ಅಂದರೆ ಹಕ್ಕಳೆ ಕಟ್ಟಿತು ಅಂತ ಸಮಾಧಾನ ಪಡಬೇಕಿಲ್ಲ. ತರಚಿದ ಗಾಯವನ್ನು ಹರಿಯುವ ನೀರಿನಲ್ಲಿ ತೊಳೆದು, ತೆಳ್ಳಗೆ ವ್ಯಾಸಲೀನ್ ಹಚ್ಚಿ, ಅಂಟದ ಪಟ್ಟಿ ಹಾಕಿ, ದಿನಾ ಬದಲಾಯಿಸಿದರೆ ಸಾಕು. ಸೊಪ್ಪು ಅರೆದು ಮೆತ್ತಿದ್ದು ಸಂಜೆಯೊಳಗೆ ಒಣಗಿ ಗಾಯವನ್ನೇ ಬಿಗಿಯುತ್ತದೆ, ಅಲ್ವಾ?

ಇನ್ನು ಲೋಳೆಸರ. ಎಲೆ ಕತ್ತರಿಸಿದ ತಕ್ಷಣ ಸಿಪ್ಪೆಯ ಅಂಚಿನಿಂದ ಹಳದಿ ರಸ ಇಳಿಯುತ್ತದೆ, ಕಹಿ. ಅದು ಚರ್ಮ ಕೆರಳಿಸುತ್ತದೆ, ಒಳಗಿನ ತಿಳಿ ಲೋಳೆಯೇ ಬೇರೆ. ಆ ಲೋಳೆ ಚರ್ಮ ಒಡೆಯದ ಬಿಸಿಲಿನ ಉರಿಗೆ ಹಿತ. ಸಣ್ಣ ಸುಟ್ಟ ಗಾಯಕ್ಕಾದರೆ ಮೊದಲು 20 ನಿಮಿಷ ಹರಿಯುವ ತಣ್ಣೀರು, ಗುಳ್ಳೆ ಬಂದಿಲ್ಲವಾದರೆ ಆಮೇಲೆ ಲೋಳೆ. ತೆರೆದ ಗಾಯಕ್ಕೆ ಮಾತ್ರ ನಾನು ಹೇಳುವುದಿಲ್ಲ. ಅಲ್ಲಿವರೆಗಿನ ಪರೀಕ್ಷೆಗಳನ್ನೆಲ್ಲ ತೂಗಿ ನೋಡಿದ ಕಾಕ್ರೇನ್ ಅನ್ನುವ ಸಂಶೋಧಕರ ಸಂಸ್ಥೆಯ 2012ರ ವಿಮರ್ಶೆಗೂ ಗಟ್ಟಿ ಪುರಾವೆ ಸಿಗಲಿಲ್ಲ.

ಅತ್ತೆಯವರನ್ನು ದೂರ ಇಡಬೇಡಿ. ಪಟ್ಟಿ ಬದಲಾಯಿಸುವ ಕೆಲಸ ಅವರಿಗೇ ಕೊಡಿ, ಕೈ ಸೋಪಿನಲ್ಲಿ ತೊಳೆದುಕೊಳ್ಳಲಿ. ಚರ್ಮ ಪೂರ್ತಿ ಕೂಡಿದ ಮೇಲೆ ಒಂದೆಲಗದ ಕ್ರೀಮ್ ತನ್ನಿ. ಮೊದಲು ಮಗುವಿನ ಮೊಣಕೈ ಒಳಬದಿಗೆ ಚೂರು ಹಚ್ಚಿ ಎರಡು ದಿನ ನೋಡಿ. ತುರಿಕೆ, ಕೆಂಪು ಏನೂ ಬರದಿದ್ದರೆ ಕಲೆಯ ಮೇಲೆ ಅತ್ತೆಯ ಕೈಯಿಂದಲೇ ಹಚ್ಚಿಸಿ.